ಎಡಗೈ ರಿಮೋಟು

ಅಕ್ಕನ ಪಾಲಿಗೆ ಆ ಮನೆಯ ನಡುಮನೆಯಲ್ಲಿ ಒಂದು ನದಿ ಹರಿಯುತ್ತಿತ್ತು. ಬೆಳಿಗ್ಗೆ ಒಂಬತ್ತೂವರೆಗೆ ಶುರುವಿಟ್ಟರೆ ಸಂಜೆ ಆರರವರೆಗೂ ನಿಲ್ಲದ ನದಿ. ಎರಡೂ ದಡದಲ್ಲಿ ಹಸಿರು, ನಡುವೆ ತಿಳಿನೀರು, ಎಲ್ಲೋ ಹಿಂದಿನಿಂದ ಬಿಟ್ಟೂಬಿಡದ ಕೊಳಲು. ನಲವತ್ತು ನಿಮಿಷಕ್ಕೊಮ್ಮೆ ಅದೇ ಬಾತುಕೋಳಿ ಅದೇ ಬಂಡೆಯ ಹಿಂದಿನಿಂದ ತೇಲಿ ಬಂದು, ಕತ್ತು ಓರೆ ಮಾಡಿ, ‘ಇನ್ನೂ ಇಲ್ಲೇ ಇದ್ದೀಯಾ?’ ಎನ್ನುವಂತೆ ಅಕ್ಕನನ್ನು ನೋಡಿ ಮುಂದಕ್ಕೆ ಹೋಗುತ್ತಿತ್ತು. ದಿನಕ್ಕೆ ಹನ್ನೆರಡು ಸಲ. ಹದಿಮೂರನೆಯ ಸಲ ಇಣುಕುವ ಹೊತ್ತಿಗೆ ತಮ್ಮ ಮನೆಗೆ ಬಂದು ಟಿವಿ ಆರಿಸುತ್ತಿದ್ದ.

ಆ ನದಿಯನ್ನು ತಂದು ಹರಿಸಿದವನೂ ತಮ್ಮನೇ. ಉಳ್ಳವರ ಮನೆಗಳಲ್ಲಿ ಹೋಂ ಥಿಯೇಟರ್ ಕೂರಿಸುವುದು ಅವನ ಕಸುಬು. ಗೋಡೆಯೊಳಗೆ ತಂತಿ ಹುದುಗಿಸಿ, ಮೂಲೆಮೂಲೆಗೆ ಸ್ಪೀಕರ್ ಅಡಗಿಸಿ, ಒಂದು ಗುಂಡಿ ಒತ್ತಿದರೆ ಪರದೆ ಇಳಿದು ದೀಪ ಮಂಕಾಗುವಂತೆ ಮಾಡುವುದರಲ್ಲಿ ಅವನದು ಎತ್ತಿದ ಕೈ. ಅಂಥವನ ಸ್ವಂತ ಮನೆಯಲ್ಲಿ ಮಾತ್ರ ಟಿವಿಯ ಹಿಂದೆ ಹಾವಿನ ಹುತ್ತದಂತೆ ತಂತಿಗಳು. ಕೆಳಗಿನ ಕಪಾಟಿನಲ್ಲಿ ಕೈಗೆ ಸಿಕ್ಕ ಭಾಗಗಳನ್ನೆಲ್ಲ ಕೂಡಿಸಿ ತಾನೇ ಕಟ್ಟಿದ ಒಂದು ಕಪ್ಪು ಕಂಪ್ಯೂಟರು. ಅದರ ಹೊಟ್ಟೆಯಲ್ಲಿ ಇನ್ನೂರಕ್ಕೂ ಹೆಚ್ಚು ಸಿನಿಮಾ. ಅದನ್ನು ತೆರೆಯ ಮೇಲೆ ತರಬೇಕಾದರೆ ಟಿವಿಗೊಂದು ರಿಮೋಟು, ಆಂಪ್ಲಿಫೈಯರಿಗೊಂದು, ಕೇಬಲ್ ಪೆಟ್ಟಿಗೆಗೊಂದು, ಕಂಪ್ಯೂಟರಿಗೆ ಕೀಬೋರ್ಡು. ಯಾವುದನ್ನು ಮೊದಲು ಒತ್ತಬೇಕು, ಯಾವುದನ್ನು ಆಮೇಲೆ ಎಂಬುದು ತಮ್ಮನೊಬ್ಬನಿಗೇ ಗೊತ್ತು. ಏಳು ಸಮುದ್ರದಾಚೆಯ ಗಿಳಿಯಲ್ಲಿ ಜೀವ ಬಚ್ಚಿಟ್ಟ ರಾಕ್ಷಸನ ಹಾಗೆ, ಅವನು ಆ ಟಿವಿಯ ಜೀವವನ್ನು ಒಂದು ತೊಗಲಿನ ಡಬ್ಬಿಯಲ್ಲಿ ತುಂಬಿ ಬೀರುವಿನ ಮೇಲೆ ಇಟ್ಟು ಕೆಲಸಕ್ಕೆ ಹೋಗುತ್ತಿದ್ದ.

“ನಿನಗೆ ಗಲಿಬಿಲಿ ಆಗ್ಬಾರ್ದು ಅಂತ ಅಕ್ಕಾ,” ಅನ್ನುತ್ತಿದ್ದ.

ಅಕ್ಕನಿಗೆ ಐವತ್ತೆರಡು. ಇಪ್ಪತ್ತನಾಲ್ಕು ವರ್ಷ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಅಂಕಣದಿಂದ ಹೊರಡುತ್ತದೆಂದು ಮೈಕಿನಲ್ಲಿ ಹೇಳಿದವಳು. ಅವಳ ದನಿ ಕೇಳಿ ಸಾವಿರಾರು ಜನ ಗಂಟುಮೂಟೆ ಹೊತ್ತು ಓಡಿದ್ದಾರೆ. ಹೋದ ವರ್ಷ ಒಂದು ಬೆಳಿಗ್ಗೆ ಮೈಕಿನ ಮುಂದೆಯೇ ಬಲಗೈ ಜೋತುಬಿತ್ತು, ಬಾಯಿ ವಾಲಿತು. ಆರು ತಿಂಗಳ ಮೇಲೆ ಕಾಲು ಅರ್ಧಕ್ಕರ್ಧ ವಾಪಸು ಬಂತು, ಕೋಲು ಹಿಡಿದು ನಡೆಯುವಷ್ಟಾಯಿತು. ಬಲಗೈ ಬರಲಿಲ್ಲ. ಮಾತು ಬಂತು, ಆದರೆ ನೆನೆದ ಬಟ್ಟೆಯಂತೆ ಭಾರವಾಗಿ ಬಂತು. ಮನೆಯವರಿಗೆ ಅರ್ಥವಾಗುತ್ತಿತ್ತು, ಹೊಸಬರು ಎರಡೆರಡು ಸಲ “ಆಂ?” ಅನ್ನುತ್ತಿದ್ದರು. ಅದಕ್ಕೇ ಅವಳು ಹತ್ತು ಮಾತಿನ ಕೆಲಸವನ್ನು ಎರಡು ಮಾತಿನಲ್ಲಿ ಮುಗಿಸುವುದನ್ನು ಕಲಿತಿದ್ದಳು. ತಲೆ ಮಾತ್ರ ಮೊದಲಿನಂತೆಯೇ ಚುರುಕು. ಹಾಗೆಯೇ ಅವಳ ಏಕೈಕ ಚಟವೂ.

ಅವಳ ಚಟ ದೆವ್ವದ ಸಿನಿಮಾ. ಅದೂ ಹಾಡುಹಗಲಲ್ಲಿ, ಕಿಟಕಿ ತೆರೆದಿಟ್ಟು, ಸೌಂಡು ಪೂರ್ತಿ ಕೊಟ್ಟು. ಬಾಗಿಲು ಕಿರ್ರೆಂದರೆ ಅವಳಿಗೆ ಖುಷಿ, ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದರೆ ಇನ್ನೂ ಖುಷಿ. ಆಸ್ಪತ್ರೆಯಿಂದ ಬಂದ ಮೇಲೆ ತಮ್ಮ ಅದಕ್ಕೆ ಕಲ್ಲು ಹಾಕಿದ್ದ.

“ನದಿ ಬೇಡ,” ಅಂದಿದ್ದಳು ಮೊದಲ ವಾರವೇ.

“ಅಕ್ಕಾ, ಡಾಕ್ಟರು ಏನಂದಿದ್ದಾರೆ? ಮನಸ್ಸಿಗೆ ತಂಪು ಬೇಕು.”

“ಹಾಗಂದಿಲ್ಲ.”

ಅದು ನಿಜ. ಡಾಕ್ಟರು ಹೇಳಿದ್ದು ಎರಡೇ ಮಾತು: ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ. ದೆವ್ವದ ಸುದ್ದಿಯನ್ನು ಅವರು ಎತ್ತಿರಲೇ ಇಲ್ಲ. ಮಿಕ್ಕಿದ್ದೆಲ್ಲ ತಮ್ಮನ ಸ್ವಂತ ವೈದ್ಯ.

“ನಿಂಗೆ ಬೇರೆ ಏನಾದ್ರೂ ನೋಡ್ಬೇಕು ಅನ್ಸಿದ್ರೆ ಫೋನ್ ಮಾಡು. ಸಂಜೆ ಬಂದು ಹಾಕ್ಕೊಡ್ತೀನಿ,” ಅನ್ನುತ್ತಿದ್ದ. ಪ್ರೀತಿಯಿಂದಲೇ ಅನ್ನುತ್ತಿದ್ದ. ಅಕ್ಕನ ಮೈ ಉರಿಯುತ್ತಿದ್ದುದು ಆ ಪ್ರೀತಿಗೇ. ಕೇಳಬೇಕು, ಅವನು ಕೊಡಬೇಕು. ತನ್ನ ಮನೆಯಲ್ಲಿ ತಾನೇ ಒಂದು ದೆವ್ವ ನೋಡಲು ಅರ್ಜಿ ಹಾಕಬೇಕು.

ಹೀಗಿರುವಾಗ ಒಂದು ಸೋಮವಾರ ಸಂಜೆ ತಮ್ಮ ಕಂಕುಳಲ್ಲಿ ಹೊಸ ಡಬ್ಬಿ ಇರುಕಿಕೊಂಡು ಬಂದ. ಬಿಚ್ಚಿದರೆ ಒಳಗೆ ಬೋರಲು ಹಾಕಿದ ಬಟ್ಟಲಿನಂಥ ಒಂದು ಉಂಡೆ.

“ಇನ್ನು ಮೇಲೆ ಗುಂಡೀನೇ ಬೇಡ, ಅಕ್ಕಾ. ಬಾಯಲ್ಲಿ ಹೇಳಿದ್ರೆ ಆಯ್ತು. ಎಲ್ಲಾ ಕಸ್ಟಮರ್ ಮನೇಲೂ ಈಗ ಇದೇ.” ಉಂಡೆಯ ಕಡೆ ತಿರುಗಿ, “ಟಿವಿ ಹಾಕು!” ಅಂದ. ಟಿವಿ ಹತ್ತಿಕೊಂಡಿತು. ಅವನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಯಾರಿಗೆ ಏನು ಕೊಟ್ಟರೂ ‘ನಿಮಗೆ ತುಂಬಾ ಚೆನ್ನಾಗಿ ಕಾಣುತ್ತೆ’ ಅಂದು ಅಂದು ಹೊಗಳುವುದೇ ಸ್ವಭಾವವಾಗಿಬಿಟ್ಟಿತ್ತು.

“ಈಗ ನೀನು ಹೇಳು.”

ಅಕ್ಕ ಹೇಳಿದಳು. ಉಂಡೆಯ ಹೊಟ್ಟೆಯಲ್ಲಿ ನೀಲಿ ದೀಪ ಗಿರಗಿರ ತಿರುಗಿತು. “ಕ್ಷಮಿಸಿ, ಅರ್ಥವಾಗಲಿಲ್ಲ,” ಅಂತು ಒಳಗಿದ್ದ ಹೆಂಗಸು. ಒಳ್ಳೆ ತರಬೇತಾದ ದನಿ. ಒಂದು ಅಕ್ಷರವೂ ಕುಂಟುತ್ತಿರಲಿಲ್ಲ.

“ಸ್ವಲ್ಪ ಬಿಡಿಸಿ ಹೇಳು.”

ಅಕ್ಕ ಬಿಡಿಸಿ ಹೇಳಿದಳು. “ಕ್ಷಮಿಸಿ, ಅರ್ಥವಾಗಲಿಲ್ಲ.” ಮೂರನೆಯ ಸಲ ಹೇಳಿದಾಗ ಉಂಡೆ ಏನೋ ಅರ್ಥವಾದವರಂತೆ “ಸರಿ!” ಅಂದು ಮಕ್ಕಳ ಹಾಡು ಹಾಕಿತು. ಒಂದು ಆನೆ, ಎರಡು ಆನೆ ಎಂದು ಎಣಿಸುವ ಹಾಡು. ತಮ್ಮನಿಗೆ ನಗು ತಡೆಯಲಾಗಲಿಲ್ಲ. ಹೆಂಡತಿ ಅವನ ಬೆನ್ನಿಗೆ ಗುದ್ದಿದಳು, ಆದರೆ ಅವಳ ತುಟಿಯೂ ನಡುಗುತ್ತಿತ್ತು.

“ಇದಕ್ಕೆ ಅಭ್ಯಾಸ ಆಗ್ಬೇಕಷ್ಟೆ. ದಿನಾ ನಾಲ್ಕು ಸಲ ಹೇಳ್ತಾ ಇರು. ಭಾನುವಾರ ಇದನ್ನ ಸರಿಯಾಗಿ ಕೂರಿಸಿಬಿಡ್ತೀನಿ. ಆ ರಿಮೋಟುಗಳ ಸಂತೇನೆಲ್ಲ ಎತ್ತಿ ಗೋಡೌನಿಗೆ ಹಾಕೋದು.”

ಅಕ್ಕ ಆನೆಗಳ ಹಾಡನ್ನು ಕೊನೆಯವರೆಗೂ ಕೇಳಿದಳು. ಅವಳಿಗೆ ಕಾಣುತ್ತಿತ್ತು: ಭಾನುವಾರದಿಂದ ಆಚೆಗೆ ಈ ಮನೆಯ ಪ್ರತಿಯೊಂದು ಗುಂಡಿಯೂ ಒಂದು ಬಾಯಿಯಾಗುತ್ತದೆ, ಅವಳ ಹತ್ತಿರ ಇಲ್ಲದ ಬಾಯಿ. ಇಷ್ಟು ದಿನ ತಮ್ಮನನ್ನು ಕೇಳಿದ್ದಾಯಿತು. ಇನ್ನು ಬಟ್ಟಲಿನೊಳಗಿನ ಹೆಂಗಸನ್ನು ಕೇಳಬೇಕು, ಅವಳು ಕ್ಷಮಿಸಿ ಅನ್ನಬೇಕು.

“ಭಾನುವಾರ,” ಅಂದಳು. “ಪಂದ್ಯ.”

“ಏನ್ ಪಂದ್ಯ?”

ಅವಳು ಉಂಡೆಯನ್ನು ತೋರಿಸಿದಳು. “ಅದು ನಿಂದು.” ಆಮೇಲೆ ಅವನ ಕೆಲಸದ ಚೀಲದ ಪಕ್ಕದ ರಟ್ಟಿನ ಪೆಟ್ಟಿಗೆಯತ್ತ ಕೋಲು ಚಾಚಿದಳು. ಗಿರಾಕಿಗಳ ಮನೆಯಿಂದ ಕಿತ್ತು ತಂದ ಹಳೆಯ ಸಾಮಾನೆಲ್ಲ ಅದರಲ್ಲಿ ಬಿದ್ದಿತ್ತು. ಮೇಲುಗಡೆಯೇ ಇತ್ತೊಂದು ಉದ್ದನೆಯ, ಇಟ್ಟಿಗೆಯಷ್ಟು ತೂಕದ ಕಪ್ಪು ರಿಮೋಟು. “ಅದು ನಂದು.”

“ಆ ಮುದಿ ಕೋಣಾನಾ? ಅದು ಯೂನಿವರ್ಸಲ್ ರಿಮೋಟ್ ಕಣಕ್ಕಾ. ಎಲ್ಲಾ ರಿಮೋಟಿನ ಕೆಲಸಾನೂ ಮಾಡುತ್ತೆ ನಿಜ, ಆದ್ರೆ ಒಂದೊಂದೇ ಗುಂಡಿ ಕಲಿಸ್ಬೇಕು. ನನಗೇ ಅರ್ಧ ದಿನ ಹಿಡಿಯುತ್ತೆ. ಎರಡು ಕೈ ಬೇ—” ಅಂದವನು ನಾಲಿಗೆ ಕಚ್ಚಿಕೊಂಡ.

“ಒಂದೇ ಒತ್ತು,” ಅಂದಳು ಅಕ್ಕ. “ಟಿವಿ ಬರುತ್ತೆ, ಸೌಂಡು ಬರುತ್ತೆ, ಸಿನಿಮಾ ಬರುತ್ತೆ. ಬಂದ್ರೆ ಉಂಡೆ ವಾಪಸ್. ನದಿ ಬಂದ್.”

“ಬರದಿದ್ರೆ?”

“ಆನೆ ಎಣಿಸ್ತೀನಿ.”

ತಮ್ಮ ನಗುತ್ತಾ ಕೈ ಚಾಚಿದ, ಎಡಗೈಯನ್ನೇ ಚಾಚಿದ. ಅವಳು ಕುಲುಕಿದಳು.

ಮಂಗಳವಾರ, ಇಬ್ಬರೂ ಕೆಲಸಕ್ಕೆ ಹೋದ ಮೇಲೆ, ಅಕ್ಕ ನದಿಗೆ ಬೆನ್ನು ಹಾಕಿ ಕೂತು ಲೆಕ್ಕಾಚಾರಕ್ಕಿಳಿದಳು. ತಮ್ಮನಿಗೆ ಊಟದ ಹೊತ್ತಿನಲ್ಲಿ ಕಸುಬಿನ ಮಾತಿಲ್ಲದೆ ಅನ್ನ ಇಳಿಯುತ್ತಿರಲಿಲ್ಲ. ಇಷ್ಟು ವರ್ಷ ಅವನು ಹೇಳಿದ್ದು, ಅವನ ಹೆಂಡತಿಯ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಟುಹೋದದ್ದು, ಅಕ್ಕನ ಕಿವಿಯಲ್ಲಿ ಪದರ ಪದರವಾಗಿ ಕೂತಿತ್ತು. ರಿಮೋಟು ಬೆಳಕಿನಲ್ಲಿ ಮಾತಾಡುತ್ತದೆ, ಕಣ್ಣಿಗೆ ಕಾಣದ ಬೆಳಕಿನಲ್ಲಿ. ಟಿವಿಗೆ ಕಣ್ಣಿದೆ, ಆಂಪ್ಲಿಫೈಯರಿಗೆ ಕಣ್ಣಿದೆ. ಕಂಪ್ಯೂಟರು ಮಾತ್ರ ಹುಟ್ಟು ಕುರುಡು. ಅದಕ್ಕೆ ಹೊರಗಿನಿಂದ ಒಂದು ಕಣ್ಣು ತಂದು ಸಿಕ್ಕಿಸಬೇಕು.

ಬಿಡಿಭಾಗದ ಅಂಗಡಿಗೆ ಫೋನು ಮಾಡಿದಳು. “ಕಂಪ್ಯೂಟರಿಗೆ ಕಣ್ಣು ಬೇಕು,” ಅಂದಳು. ಆ ಕಡೆಯ ಹೆಂಗಸು, “ಬೆಳ್ಬೆಳಿಗ್ಗೆನೇ ಕುಡಿದಿದ್ದೀರೇನ್ರೀ?” ಅಂದು ಫೋನಿಟ್ಟಳು.

ಅಕ್ಕ ಎರಡು ನಿಮಿಷ ಫೋನನ್ನೇ ದುರುಗುಟ್ಟಿಕೊಂಡು ಕೂತಳು. ಆಮೇಲೆ ಚಪ್ಪಲಿ ಮೆಟ್ಟಿದಳು.

ಅಂಗಡಿ ನಾಲ್ಕು ಬೀದಿಯಾಚೆ. ಡಾಕ್ಟರು ನಡೆಯಿರಿ ಅಂದಿದ್ದರಲ್ಲ, ಆ ಮಾತು ಊರುಗೋಲಾಯಿತು. ಮೊದಲನೆಯ ಬೀದಿ ಸಲೀಸಾಗಿ ಮುಗಿಯಿತು. ಎರಡನೆಯದರಲ್ಲಿ ಬೀಗ ಬಿದ್ದ ಅಂಗಡಿಯ ಮೆಟ್ಟಿಲ ಮೇಲೆ ಕೂತೆದ್ದಳು. ಮೂರನೆಯದರಲ್ಲಿ ಯಾರೋ ಕೈಹಿಡಿದು ದಾಟಿಸಲು ಬಂದರೆ ಕೋಲು ಅಡ್ಡ ಹಿಡಿದಳು. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಆ ಗೂಡಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ, ಸೊಂಟಕ್ಕೆ ಸ್ಕ್ರೂಡ್ರೈವರ್ ಸಿಕ್ಕಿಸಿದ ಒಬ್ಬ ದಪ್ಪ ಹೆಂಗಸು ಏನೋ ಬೆಸುಗೆ ಹಾಕುತ್ತಿದ್ದಳು.

“ಕುಡಿದಿಲ್ಲ,” ಅಂದಳು ಅಕ್ಕ ಏದುಸಿರು ಬಿಡುತ್ತಾ. “ಕಣ್ಣು ಕೊಡಿ.”

ಹೆಂಗಸು ತಲೆಯೆತ್ತಿದಳು. ಜೋತ ಕೈ ನೋಡಿದಳು, ವಾಲಿದ ಬಾಯಿ ನೋಡಿದಳು. ಈಗ ‘ಅಯ್ಯೋ ಪಾಪ’ ಬರುತ್ತದೆ ಎಂದು ಅಕ್ಕ ಹಲ್ಲು ಕಚ್ಚಿ ನಿಂತಳು. “ಮೊದಲೇ ಬಂದು ಹೇಳೋಕೇನಾಗಿತ್ತು?” ಅಂದು ಹೆಂಗಸು ಗೊಣಗಿದಳು. “ಯಾವ ಕಂಪ್ಯೂಟರು? ಮುಂದೆ ತೂತು ಇದೆಯಾ, ಹಿಂದೆ ಇದೆಯಾ? ಗೊತ್ತಿಲ್ವಾ? ಗೊತ್ತಿಲ್ದೆ ಬರ್ತೀರಲ್ಲ!” ಎಲ್ಲ ಗಿರಾಕಿಗಳ ಮೇಲೂ ಹರಿಹಾಯುವ ಹಾಗೆಯೇ ಅಕ್ಕನ ಮೇಲೂ ಹರಿಹಾಯ್ದಳು, ಕಾಸಿನಷ್ಟೂ ರಿಯಾಯಿತಿ ತೋರಿಸಲಿಲ್ಲ. ಒಂದು ವರ್ಷದಲ್ಲಿ ಯಾರೂ ಅಕ್ಕನನ್ನು ಇಷ್ಟು ಚೆನ್ನಾಗಿ ಬೈದಿರಲಿಲ್ಲ. ಉಗುರಿನಷ್ಟು ಅಗಲದ ಕೆಂಪು ಗಾಜಿನ ಕಣ್ಣು, ಅದರ ಜೊತೆ ಬಂದ ಬೆರಳುದ್ದದ ಪುಟ್ಟ ರಿಮೋಟು ಎರಡನ್ನೂ ಕೈಚೀಲದಲ್ಲಿಟ್ಟುಕೊಂಡು ಅವಳು ಮನೆಗೆ ಬಂದಾಗ ಬಾತುಕೋಳಿ ಆರನೆಯ ಸಲ ಬರುತ್ತಿತ್ತು.

ಬುಧವಾರ ಕಲಿಸುವ ದಿನ. ಕೋಲಿನ ಕೊಕ್ಕೆಯಿಂದ ಬೀರುವಿನ ಮೇಲಿನ ತೊಗಲು ಡಬ್ಬಿಯ ಪಟ್ಟಿ ಹಿಡಿದೆಳೆದಳು. ಡಬ್ಬಿ ಧಡಾರನೆ ಬಿತ್ತು, ರಿಮೋಟುಗಳು ದಿಕ್ಕಾಪಾಲಾದವು. ನೆಲದ ಮೇಲೆ ಕೂತು ಎಲ್ಲವನ್ನೂ ಹೆಕ್ಕಿದಳು. ಊಟದ ಮೇಜಿನ ಮೇಲೆ ದಪ್ಪ ಪುಸ್ತಕಗಳನ್ನು ಎರಡು ಸಾಲಾಗಿ ಒಡ್ಡಿ, ಅವುಗಳ ನಡುವೆ ಮುದಿ ಕೋಣವನ್ನು ಮಲಗಿಸಿ, ಟಿವಿಯ ರಿಮೋಟನ್ನು ಅದರ ಮೂಗಿಗೆ ಮೂಗು ತಾಗುವಂತೆ ಎದುರು ಇಟ್ಟಳು. ‘ಕಲಿ’ ಎಂಬ ಗುಂಡಿ ಒತ್ತಿದರೆ ಕೋಣದ ಹಣೆಯಲ್ಲಿ ಕೆಂಪು ದೀಪ ಹೊತ್ತುತ್ತದೆ. ಆಗ ಹಳೆಯ ರಿಮೋಟಿನ ಗುಂಡಿ ಒತ್ತಿದರೆ, ಅದು ತನ್ನ ಗುಟ್ಟನ್ನು ಇದರ ಮೂಗಿನಲ್ಲಿ ಉಸುರುತ್ತದೆ. ದೀಪ ಎರಡು ಸಲ ಮಿಟುಕಿದರೆ ಕಲಿತಂತೆ. ಒಂದೇ ಸಲ ಮಿಟುಕಿದರೆ ತಲೆಗೆ ಹತ್ತಲಿಲ್ಲ, ಮತ್ತೆ ಮೊದಲಿಂದ.

ಎಷ್ಟೋ ಸಲ ಹತ್ತಲಿಲ್ಲ. ಒತ್ತುವ ರಭಸಕ್ಕೆ ಪುಸ್ತಕ ಜಾರುತ್ತಿತ್ತು, ಮೂಗು ಮೂಗಿಂದ ತಪ್ಪುತ್ತಿತ್ತು. ಅಕ್ಕ ತುಂಬು ಬಾಯಿಂದ ಬೈದಳು. ಬೈಗುಳಗಳು ಒಂದೊಂದೇ ವಾಲುತ್ತಾ ಹೊರಬಿದ್ದವು, ಆದರೂ ಬಿದ್ದವು. ಕೊನೆಗೆ ಕೆಲಸಕ್ಕೆ ಬಾರದ ಬಲಗೈಯನ್ನೇ ಎಡಗೈಯಿಂದ ಎತ್ತಿ ತಂದು ಪುಸ್ತಕದ ಮೇಲೆ ಹೇರಿದಳು. “ಸುಮ್ನೆ ಬಿದ್ದಿದ್ದೀಯಲ್ಲ, ಇಲ್ಲಿ ಬಿದ್ದಿರು,” ಅಂದಳು ಅದಕ್ಕೆ. ಆ ಭಾರಕ್ಕೆ ಪುಸ್ತಕ ಅಲುಗಾಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೋಣ ಇಪ್ಪತ್ತೆರಡು ಗುಂಡಿ ಕಲಿತಿತ್ತು.

ಗುರುವಾರ ಕಂಪ್ಯೂಟರಿನ ಮುಂದುಗಡೆಯ ತೂತಿಗೆ ಕಣ್ಣು ಸಿಕ್ಕಿಸಿದಳು. ಆಮೇಲೆ ದೊಡ್ಡ ಕೆಲಸ: ಎಲ್ಲವನ್ನೂ ಒಂದೇ ಗುಂಡಿಯಲ್ಲಿ ಪೋಣಿಸುವುದು. ಕೋಣದ ನೆತ್ತಿಯ ಮೇಲೊಂದು ದುಂಡನೆಯ ದೊಡ್ಡ ಗುಂಡಿ ಇತ್ತು. ಟಿವಿ ಏಳಲಿ, ಟಿವಿ ಕಂಪ್ಯೂಟರಿನ ಕಡೆ ತಿರುಗಲಿ, ಆಂಪ್ಲಿಫೈಯರ್ ಏಳಲಿ, ಅದೂ ಕಂಪ್ಯೂಟರಿನ ಕಡೆ ತಿರುಗಲಿ, ಸಿನಿಮಾ ಓಡಲಿ. ಐದು ಅಪ್ಪಣೆಯನ್ನು ಸಾಲಾಗಿ ಅದರೊಳಗೆ ತುಂಬಿದಳು. ನದಿಯನ್ನು ಆರಿಸಿ, ಉಸಿರು ಬಿಗಿಹಿಡಿದು ಒತ್ತಿದಳು. ಟಿವಿ ಹತ್ತಿತು, ಕಂಪ್ಯೂಟರಿನ ಕಡೆ ತಿರುಗಲಿಲ್ಲ. ಮತ್ತೆ ಒತ್ತಿದಳು, ಮತ್ತದೇ. ಐದನೆಯ ಸಲ ಅವಳಿಗೆ ಹೊಳೆಯಿತು. ಟಿವಿ ಎದ್ದು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಎರಡನೆಯ ಅಪ್ಪಣೆ ಬಂದು ಹೋಗಿರುತ್ತದೆ! ಮೈಕಿನಲ್ಲಿ ಬಸ್ಸಿನ ಸಂಖ್ಯೆ ಹೇಳಿದ ಕೂಡಲೇ ಅಂಕಣ ಹೇಳಬಾರದು. ಜನ ಬೆಚ್ಚಿ ಕತ್ತೆತ್ತಿ ಕಿವಿಗೊಡುವಷ್ಟು ಬಿಡುವು ಕೊಡಬೇಕು. ಇಪ್ಪತ್ತನಾಲ್ಕು ವರ್ಷ ದಿನಕ್ಕೆ ನೂರು ಸಲ ಕೊಟ್ಟ ಬಿಡುವು ಅದು. ಟಿವಿಗೆ ಏಳು ಸೆಕೆಂಡು ಕೊಟ್ಟಳು.

ಒತ್ತಿದಳು. ಟಿವಿ ಎದ್ದಿತು. ಬಿಡುವು. ತಿರುಗಿತು. ಆಂಪ್ಲಿಫೈಯರ್ ಟಿಕ್ ಅಂತು. ಪಾಳು ಮನೆಯೊಂದರ ಬಾಗಿಲು ಐದೂ ಸ್ಪೀಕರುಗಳಲ್ಲಿ ಕಿರ್ರೆಂದು ತೆರೆದುಕೊಂಡಿತು. ಅಕ್ಕ ಕುರ್ಚಿಯ ತುದಿಗೆ ಸರಿದು ಕೂತಳು. ಮತ್ತೊಮ್ಮೆ ಅದೇ ಗುಂಡಿ ಒತ್ತಿದರೆ ಟಿವಿ, ಆಂಪ್ಲಿಫೈಯರ್ ಎರಡೂ ಮಲಗಿದವು, ಸಿನಿಮಾ ನಿಂತಲ್ಲೇ ನಿಂತಿತು. ಎಬ್ಬಿಸುವುದಕ್ಕೂ ಅದೇ ಗುಂಡಿ, ಮಲಗಿಸುವುದಕ್ಕೂ ಅದೇ ಗುಂಡಿ. ಅದನ್ನು ಕಂಡು ಅವಳಿಗೆ ತನ್ನ ಜಾಣತನದ ಮೇಲೆ ಇನ್ನಷ್ಟು ಹೆಮ್ಮೆಯಾಯಿತು.

ಭಾನುವಾರ ಹನ್ನೊಂದು ಗಂಟೆಗೆ ಪಂದ್ಯ. ತಮ್ಮ ಉಂಡೆಯನ್ನು ಟಿವಿಯ ಪಕ್ಕ ಇಟ್ಟು ಸ್ನಾನ ಮಾಡಿದ ಮಗುವಿನ ತಲೆ ಒರೆಸುವಂತೆ ಒರೆಸಿದ. ಅಕ್ಕ ಬಟ್ಟೆ ಬದಲಿಸಿ, ಕೋಲೂರಿಕೊಂಡು ತನ್ನ ಕುರ್ಚಿಗೆ ಬಂದಳು. ಎಡಗೈಯಲ್ಲಿ ಕೋಣ. ಟಿವಿ ಕಪ್ಪಗಿತ್ತು. ಹೆಂಡತಿ ಚಹಾದ ತಟ್ಟೆ ಹಿಡಿದು ಬಂದವಳು ಯಾಕೋ ಅಕ್ಕನ ಮುಖವನ್ನೂ ಟಿವಿಯನ್ನೂ ಮತ್ತೆ ಮತ್ತೆ ನೋಡುತ್ತಿದ್ದಳು.

“ಒಂದೇ ಒತ್ತು. ನೆನಪಿದೆ ತಾನೇ?” ಅಂದ ತಮ್ಮ.

ಅಕ್ಕ ಒತ್ತಿದಳು.

ಕಪ್ಪು ಕಪ್ಪಾಗಿಯೇ ಇತ್ತು. ಏಳು ಸೆಕೆಂಡು ಕಳೆಯಿತು. ಆಂಪ್ಲಿಫೈಯರ್ ಟಿಕ್ ಅಂತು. ಬಾಗಿಲು ಕಿರ್ರೆಂದಿತು. ಹೆಜ್ಜೆ ಸದ್ದಾಯಿತು. ಯಾರೋ ಹೆಂಗಸು ಎದೆ ಬಿರಿಯುವಂತೆ ಕಿರುಚಿದಳು. ಚಿತ್ರ ಮಾತ್ರ ಇಲ್ಲ.

ತಮ್ಮ ಸೋಫಾದ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡ. “ಅಕ್ಕಾ! ಟಿವೀನ ರೇಡಿಯೋ ಮಾಡ್ಬಿಟ್ಟೆಯಲ್ಲಾ!”

ಅಕ್ಕನ ಕಿವಿ ಬಿಸಿಯಾಯಿತು. ಮೂರು ದಿನ ತಪ್ಪದೆ ಓಡಿದ್ದು ಇವತ್ತೇ ಯಾಕೆ ಕೈಕೊಟ್ಟಿತು? ಅವಳು ಮಿಸುಕಲಿಲ್ಲ. ಕಿರುಚಾಟ ಏರುತ್ತಲೇ ಇತ್ತು. ಅವಳು ಕೊಡುವ ಸೌಂಡೇ ಅಷ್ಟು.

“ಈಗ ನನ್ನ ಪಾಳಿ,” ಅಂದ ತಮ್ಮ ಕಣ್ಣೊರೆಸಿಕೊಂಡು. ಉಂಡೆಯ ಕಡೆ ತಿರುಗಿ, “ನಿಲ್ಲಿಸು!” ಅಂದ.

ದೆವ್ವ ಊಳಿಟ್ಟಿತು. ಉಂಡೆ ತೆಪ್ಪಗಿತ್ತು.

“ನಿಲ್ಲಿಸು!”

“ಕ್ಷಮಿಸಿ,” ಅಂತು ಉಂಡೆ, “ಅರ್ಥವಾಗಲಿಲ್ಲ.”

“ನಿಲ್ಸೇ!” ತಮ್ಮ ಬಗ್ಗಿ ಅದರ ನೆತ್ತಿಗೆ ಬಾಯಿಟ್ಟು ಕೂಗಿದ. ಕತ್ತಿನ ನರ ಉಬ್ಬಿತು. “ಸೌಂಡ್ ಕಮ್ಮಿ ಮಾಡು! ಟಿವಿ ಆರ್ಸು! ಏಯ್!” ಗುಡುಗು, ಗಾಜು ಒಡೆಯುವ ಸದ್ದು, ಹೆಂಗಸಿನ ಆರ್ತನಾದ, ಅದರ ನಡುವೆ ಅವನ ಗಂಟಲು. ಉಂಡೆ ನೀಲಿ ದೀಪ ಗಿರಗಿರ ತಿರುಗಿಸಿ ಮತ್ತೊಮ್ಮೆ ಕ್ಷಮೆ ಕೇಳಿತು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ಕಿಟಕಿಯ ಕಡೆ ನೋಡಿದರು.

ಅಕ್ಕ ಹೆಬ್ಬೆರಳನ್ನು ಒಂದು ಇಂಚು ಸರಿಸಿ ಒಂದು ಗುಂಡಿ ಒತ್ತಿದಳು. ಮನೆ ನಿಶ್ಶಬ್ದವಾಯಿತು.

“ಅರ್ಥವಾಗಲಿಲ್ಲ ಅಂತೆ,” ಅಂದಳು.

ತಮ್ಮನ ಮುಖ ಕೆಂಪಾಯಿತು. “ಅದೇನೋ ಸೌಂಡಿಗೆ… ಅದಿರ್ಲಿ. ನೀನೂ ಗೆದ್ದಿಲ್ಲ ಅಕ್ಕಾ. ಚಿತ್ರ ಬರ್ಲಿಲ್ಲ.”

“ಇಲ್ಲ. ಗೆದ್ದಿಲ್ಲ.”

ಆಗ ಹೆಂಡತಿ ಚಹಾದ ತಟ್ಟೆ ಕೆಳಗಿಟ್ಟಳು. ಕಣ್ಣಲ್ಲಿ ನೀರು. “ತಪ್ಪು ನಂದು. ಅಕ್ಕ ಬಟ್ಟೆ ಬದಲಾಯಿಸ್ತಿದ್ದಾಗ ನಾನೇ ಟಿವಿ ಹಾಕಿಟ್ಟೆ. ಒಂದು ಕೆಲಸ ಕಮ್ಮಿ ಆದ್ರೆ ಅಕ್ಕನಿಗೆ ಸುಲಭ ಆಗುತ್ತೆ, ಗೆಲ್ತಾರೆ ಅಂದ್ಕೊಂಡೆ. ಸಿಗ್ನಲ್ ಇಲ್ಲ ಅಂತ ಬಂತು, ಆಮೇಲೆ ತಾನೇ ಕಪ್ಪಾಯ್ತು.”

ಅಕ್ಕನಿಗೆ ಈಗ ಹೊಳೆಯಿತು. ಟಿವಿ ಎದ್ದೇ ಇತ್ತು. ಎಬ್ಬಿಸುವ ಗುಂಡಿಯೇ ಮಲಗಿಸುವ ಗುಂಡಿ. ತಾನು ಎದ್ದಿದ್ದ ಟಿವಿಯನ್ನು ಮಲಗಿಸಿ, ಮಲಗಿದ್ದ ಆಂಪ್ಲಿಫೈಯರನ್ನು ಎಬ್ಬಿಸಿದ್ದಳು. ಅವಳಿಗೆ ಸಿಟ್ಟು ಬಂದದ್ದು ಗುಂಡಿಯ ಮೇಲಲ್ಲ.

“ಸುಲಭ ಮಾಡ್ಬೇಡ,” ಅಂದಳು. ಎರಡೇ ಮಾತಿಗೆ ನಿಲ್ಲಿಸುವುದು ಈ ಸಲ ಅವಳಿಂದ ಆಗಲಿಲ್ಲ. ಭಾರದ ನಾಲಿಗೆಯನ್ನು ಎಳೆದುಕೊಂಡೇ ಹೇಳಿದಳು: “ನೀನು ಟಿವಿ ಹಾಕಿಡ್ತೀಯ. ಇವನು ನದಿ ಹಾಕಿಡ್ತಾನೆ. ಎಲ್ಲಾ ಹಾಕಿಡಿ. ನಾನು ಕುರ್ಚಿ ಮೇಲೆ ಹಾಕಿಟ್ಟ ದಿಂಬಾ?”

ತಮ್ಮ ಮೇಜಿನ ಅಂಚು ಕೆರೆಯುತ್ತಾ ನಿಂತಿದ್ದವನು ಬಗ್ಗಿ ಕಂಪ್ಯೂಟರಿನ ಮುಂದಿನ ಕೆಂಪು ಕಣ್ಣನ್ನು ನೋಡಿದ. “ಇದನ್ನ ಯಾರು ಹಾಕಿದ್ದು?”

“ನಾನು.”

“ಏಳು ಸೆಕೆಂಡ್ ಬಿಡುವು?”

“ನಾನು.”

ಅವನು ತಲೆ ಕೆರೆದುಕೊಂಡ. “ನನ್ನ ಮೊದಲನೇ ಕಸ್ಟಮರ್ ಮನೇಲೂ ಹಿಂಗೇ ಆಗಿತ್ತು ಕಣಕ್ಕಾ. ಅವರು ಇಪ್ಪತ್ತು ಜನ ನೆಂಟರನ್ನ ಕೂರಿಸ್ಕೊಂಡು ಒತ್ತಿದ್ರು, ಟಿವಿ ಆರಿಹೋಯ್ತು. ಆಮೇಲೆ ಗೊತ್ತಾಯ್ತು ನಂಗೆ. ಪವರ್ ಗುಂಡಿ ಕಲಿಸ್ಬಾರ್ದು. ಬರೀ ಎಬ್ಬಿಸೋಕೇ ಒಂದು ಅಪ್ಪಣೆ ಬೇರೆ ಇರುತ್ತೆ, ಬರೀ ಮಲಗಿಸೋಕೆ ಇನ್ನೊಂದು. ಎದ್ದಿರೋದನ್ನ ಎಷ್ಟು ಸಲ ಎದ್ದೇಳು ಅಂದ್ರೂ ಎದ್ದೇ ಇರುತ್ತೆ. ಕಂಪೆನಿ ರಿಮೋಟಲ್ಲಿ ಆ ಗುಂಡಿ ಇರಲ್ಲ. ನನ್ನ ಕೆಲಸದ ರಿಮೋಟಲ್ಲಿದೆ.” ಚೀಲಕ್ಕೆ ಕೈಹಾಕಿ ತೆಗೆದ. “ಕೊಡು ಇಲ್ಲಿ, ಎರಡು ನಿಮಿಷದ ಕೆಲಸ.”

ಅಕ್ಕ ಕೋಣವನ್ನು ಎದೆಗವುಚಿಕೊಂಡಳು. “ಬೇಡ.”

“ಅಕ್ಕಾ, ಎರಡೇ ನಿಮಿಷ—”

“ನೀನು ಹಿಡ್ಕೊ. ಕಲಿಸೋದು ನಾನು.”

ಅವನು ಹೆಂಡತಿಯ ಮುಖ ನೋಡಿದ. ಅವಳು ಮೂಗೊರೆಸಿಕೊಂಡು, “ಹಿಡ್ಕೊಳ್ರೀ, ಏನ್ ಯೋಚನೆ ಮಾಡ್ತೀರಾ,” ಅಂದಳು. ಊರಿನ ದೊಡ್ಡ ದೊಡ್ಡ ಮನೆಗಳ ಥಿಯೇಟರ್ ಕೂರಿಸಿದ ಮನುಷ್ಯ ಊಟದ ಮೇಜಿನ ಮುಂದೆ ಮಂಡಿಯೂರಿ, ಎರಡು ಕೈಯಲ್ಲಿ ಎರಡು ರಿಮೋಟು ಹಿಡಿದು, ಪುಸ್ತಕದ ಸಾಲಿನ ಜಾಗದಲ್ಲಿ ಕೂತ. ಅಕ್ಕ ‘ಕಲಿ’ ಗುಂಡಿ ಒತ್ತಿದಳು. ಆಮೇಲೆ ಅವನ ರಿಮೋಟಿನ ಗುಂಡಿ.

ದೀಪ ಒಂದೇ ಸಲ ಮಿಟುಕಿತು.

“ಅಲುಗಾಡ್ಬೇಡ.”

“ಅಲುಗಾಡ್ಲಿಲ್ಲ!”

“ಉಸಿರಾಡ್ಬೇಡ.”

ಅವನು ಉಸಿರು ಕಟ್ಟಿದ. ದೀಪ ಎರಡು ಸಲ ಮಿಟುಕಿತು. ಎಬ್ಬಿಸುವುದು ಒಂದು ಗುಂಡಿಗೆ, ಮಲಗಿಸುವುದು ಬೇರೊಂದಕ್ಕೆ. ಆಂಪ್ಲಿಫೈಯರಿಗೂ ಹಾಗೆಯೇ. ನಾಲ್ಕನೆಯದು ಮುಗಿಯುವಷ್ಟರಲ್ಲಿ ತಮ್ಮನ ಮಂಡಿ ಜೋಮು ಹಿಡಿದಿತ್ತು. ಏಳಲು ಹೋದರೆ ಅಕ್ಕ, “ಇರು,” ಅಂದಳು, ಅವನು ಇದ್ದ. ಅವಳು ಐದು ಅಪ್ಪಣೆಗಳನ್ನೂ ಮೊದಲಿಂದ ಪೋಣಿಸಿದಳು.

“ಈಗ ಹೋಗಿ ಟಿವಿ ಹಾಕು,” ಅಂದಳು ತಮ್ಮನ ಹೆಂಡತಿಗೆ. “ಬೇಕಂತಲೇ ಹಾಕು.”

ಅವಳು ಹಾಕಿದಳು. ಅಕ್ಕ ಒತ್ತಿದಳು. ಚಿತ್ರ ಬಂತು.

“ಈಗ ಆರಿಸು.” ಆರಿಸಿದಳು. ಒತ್ತಿದಳು. ಬಂತು. “ಆಂಪ್ ಮಾತ್ರ ಹಾಕು.” ಬಂತು. “ನೀನು ಕೆಡಿಸು,” ಅಂದಳು ತಮ್ಮನಿಗೆ. ಅವನು ತನಗೆ ಗೊತ್ತಿದ್ದ ಕುತಂತ್ರವನ್ನೆಲ್ಲ ಮಾಡಿದ. ಟಿವಿಯನ್ನು ಕೇಬಲ್ಲಿಗೆ ತಿರುಗಿಸಿಟ್ಟ, ಆಂಪ್ಲಿಫೈಯರನ್ನು ರೇಡಿಯೋಗೆ ತಿರುಗಿಸಿಟ್ಟ, ಒಂದನ್ನು ಎಬ್ಬಿಸಿ ಒಂದನ್ನು ಮಲಗಿಸಿದ. ಪ್ರತಿ ಸಲವೂ ಒಂದೇ ಒತ್ತು, ಪ್ರತಿ ಸಲವೂ ಪಾಳು ಮನೆ. ಕೊನೆಗೆ ಅವನೇ ಉಂಡೆಯನ್ನು ಎತ್ತಿ ಅದು ಬಂದ ಡಬ್ಬಿಗೆ ತುರುಕಿ ಮುಚ್ಚಳ ಹಾಕಿದ. ಒಳಗಿನಿಂದ ಹೆಂಗಸು ಏನೋ ಅಂದಳು, ಯಾರೂ ಕಿವಿಗೊಡಲಿಲ್ಲ.

“ಅಕ್ಕಾ, ನಾವೂ ನೋಡ್ಬಹುದಾ?” ಅಂದಳು ಹೆಂಡತಿ.

ಅಕ್ಕ ಸೋಫಾದ ಕಡೆ ಗದ್ದ ತೋರಿಸಿದಳು. ಗಂಡಹೆಂಡಿರಿಬ್ಬರೂ ಅಂಟಿಕೊಂಡು ಕೂತರು. ತೆರೆಯ ಮೇಲೆ ಹುಡುಗಿಯೊಬ್ಬಳು ಮೇಣದಬತ್ತಿ ಹಿಡಿದು ನೆಲಮಾಳಿಗೆಗೆ ಇಳಿಯುತ್ತಿದ್ದಳು. ಕೆಳಗೆ ಯಾವುದೋ ಉಸಿರಾಡುತ್ತಿತ್ತು. ಹೊರಗೆ ಬಿಸಿಲು ಝಳಝಳಿಸುತ್ತಿತ್ತು. ತಮ್ಮ ಕಾಲನ್ನು ಸೋಫಾದ ಮೇಲೆ ಎಳೆದುಕೊಂಡ. ಒಂದು ದಿಂಬು ತಬ್ಬಿಕೊಂಡ. ಉಸಿರಾಟ ಹತ್ತಿರವಾದಾಗ ಅವನು ಕಿವಿಯ ಮೇಲೆ ಕೈಯಿಟ್ಟು, ಕುರ್ಚಿಯ ಕಡೆ ಬಾಗಿದ.

“ಅಕ್ಕಾ, ಸೌಂಡು ಸ್ವಲ್ಪ…”

“ಕೇಳು. ಸರಿಯಾಗಿ ಕೇಳು.”

“ಸೌಂಡು ಸ್ವಲ್ಪ ಕಮ್ಮಿ ಮಾಡ್ತೀಯಾ, ಅಕ್ಕಾ?”

ಅಕ್ಕ ಅವನ ಮಾತನ್ನು ತಾಳ್ಮೆಯಿಂದ, ಪೂರ್ತಿಯಾಗಿ ಕೇಳಿಸಿಕೊಂಡಳು. ಆ ಬೇಡಿಕೆಯ ಬಗ್ಗೆ ನಿಜವಾಗಿಯೂ ಯೋಚನೆ ಮಾಡಿದಳು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

“ಇಲ್ಲ,” ಅಂದಳು.